ಎಲ್ಲದಕ್ಕೂ ಯುದ್ಧವೇ ಕಾರಣವಾ?

ಓದುಗರ ಪತ್ರ: "ಎಣ್ಣೆ ಯಾಕೆ ತುಟ್ಟಿ ಆಯ್ತು ಅಂತ ಗಿರಾಕಿ ಕೇಳಿದರೆ ‘ಯುದ್ಧ ನಡದದ್ರಿ’ ಅಂತೀನಿ. ಬ್ಯಾಳಿಗೂ ಅದೇ ಉತ್ತರ, ಗೊಬ್ಬರದ ಮಾತು ಬಂದರೂ ಅದೇ. ಈಗ ಟ್ರಂಪ್ ಹೆಸರೂ ಸೇರಿಕೊಂಡಿದೆ. ಜನ ನಂಬುತ್ತಾರೆ. ನನಗೇ ಅನುಮಾನ. ಇದರಲ್ಲಿ ನಿಜ ಎಷ್ಟು, ನೆಪ ಎಷ್ಟು?" (ಆಳಂದ ತಾಲ್ಲೂಕಿನ ಕಿರಾಣಿ ಅಂಗಡಿಯವರೊಬ್ಬರು)

ಸಾವ್ಕಾರ್ರೆ, ನಮಸ್ಕಾರ. ಗಲ್ಲೆಯ ಹಿಂದೆ ಕೂತು ಈ ಪ್ರಶ್ನೆ ಕೇಳುವವರು ಕಡಿಮೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಎಣ್ಣೆಯಿಂದ ಶುರು ಮಾಡೋಣ. ಅಲ್ಲಿ ನಿಮ್ಮ ಉತ್ತರ ಒಂದು ಕಾಲಕ್ಕೆ ಪೂರ್ತಿ ನಿಜವಾಗಿತ್ತು. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು. ಸೂರ್ಯಕಾಂತಿ ಎಣ್ಣೆ ಉಕ್ರೇನ್, ರಷ್ಯಾದಿಂದ, ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ. 2022ರ ಫೆಬ್ರವರಿ 24ಕ್ಕೆ ರಷ್ಯಾ-ಉಕ್ರೇನ್ ಯುದ್ಧ ಶುರುವಾಯಿತು, ಉಕ್ರೇನ್ ಬಂದರುಗಳು ಬಂದ್ ಆದವು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತನ್ನ ಜನರಿಗೇ ಎಣ್ಣೆ ಸಾಲುತ್ತಿಲ್ಲ ಅಂತ ಪಾಮ್ ಎಣ್ಣೆ ರಫ್ತು ನಿಲ್ಲಿಸಿತು. ಸುಮಾರು ಮೂರು ವಾರ, ಅಷ್ಟೇ. ಆದರೆ ಆ ಮೂರು ವಾರದ ಬಿಸಿ ನಿಮ್ಮೂರಿನ ಮಿರ್ಚಿ ಭಜಿ ಬಾಣಲೆಗೂ ತಟ್ಟಿತು.

2024ರ ಸೆಪ್ಟೆಂಬರಿನಲ್ಲಿ ಎಣ್ಣೆ ಮತ್ತೆ ಏರಿತಲ್ಲ, ಅದು ಯುದ್ಧ ಅಲ್ಲ. ಕೇಂದ್ರ ಸರ್ಕಾರ ಕಚ್ಚಾ ಅಡುಗೆ ಎಣ್ಣೆ ಮೇಲಿನ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿತು. ಯಾಕೆ? ಸೋಯಾಬೀನ್ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತ್ತು. ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲಿ ಹೊಲ ತುಂಬ ಸೋಯಾನೇ. ಅಂದರೆ ಭಾಲ್ಕಿ ರೈತನಿಗೆ ನಾಲ್ಕು ಕಾಸು ಸಿಗಲಿ ಅಂತ ಆಳಂದದ ಗಿರಾಕಿ ಜಾಸ್ತಿ ಕೊಟ್ಟ. ಇದು ತಪ್ಪಾ? ನನಗೆ ತಪ್ಪು ಅನಿಸಲಿಲ್ಲ. ಆದರೆ 2025ರ ಮೇ ಕೊನೆಗೆ ಆ ಸುಂಕವನ್ನು ಶೇ. 10ಕ್ಕೆ ಇಳಿಸಿದರು. ಅದು ಸೋಯಾ ಬಿತ್ತನೆಗೆ ಇನ್ನೇನು ಕೈ ಹಾಕುವ ಹೊತ್ತು. ರೈತ ಯಾವುದನ್ನು ನಂಬಿ ಬೀಜ ತರಬೇಕು ಹೇಳಿ.

ಈಗ ಬ್ಯಾಳಿ. ಇಲ್ಲಿ ಉಕ್ರೇನ್ ಹೆಸರು ಎತ್ತಲೇಬೇಡಿ. ಅಲ್ಲಿ ತೊಗರಿ ಬೆಳೆಯೋದಿಲ್ಲ. ಹೊರಗಿನ ತೊಗರಿ ಬರುವುದು ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್‌ನಿಂದ. 2015ರಲ್ಲಿ ಬ್ಯಾಳಿ ಕಿಲೋಗೆ 200 ಮುಟ್ಟಿತು, ನೆನಪಿದೆಯಾ? ಮರುವರ್ಷವೇ ಮೊಜಾಂಬಿಕ್ ಜೊತೆ ಒಪ್ಪಂದ ಆಯಿತು. ಅದೇ ವರ್ಷ ಮಳೆ ಚೆನ್ನಾಗಾಗಿ ನಮ್ಮ ರೈತರೂ ಆಸೆಯಿಂದ ತೊಗರಿ ಬಿತ್ತಿದರು. ದೇಶದ ಬೆಳೆ ಸುಮಾರು 48 ಲಕ್ಷ ಟನ್ ಆಯಿತು. ಬೆಂಬಲ ಬೆಲೆ ಕ್ವಿಂಟಲಿಗೆ 5,050 ಇತ್ತು, ಗಂಜ್‌ನಲ್ಲಿ (ಕಾಳಿನ ಮಾರುಕಟ್ಟೆಯಲ್ಲಿ) ಅಷ್ಟೂ ಸಿಗಲಿಲ್ಲ. ಮುಂದೆ 2021ರ ಮೇನಲ್ಲಿ ತೊಗರಿ ಆಮದಿಗೆ ಬಾಗಿಲು ಪೂರ್ತಿ ತೆರೆದರು. ಆಮೇಲೆ ಆ ಗಡುವನ್ನು ಮುಂದಕ್ಕೆ ಹಾಕುತ್ತಲೇ ಬಂದರು.

ರಾಶಿ ಕಾಲದಲ್ಲಿ ಒಮ್ಮೆ ಕಲಬುರಗಿಯ ನೆಹರು ಗಂಜ್‌ನಲ್ಲಿ ನಿಂತಿದ್ದೆ. ಅಡತಿ ಅಂಗಡಿ ಮುಂದೆ ಒಬ್ಬರು ಹಿರಿಯರು ತೊಗರಿ ಮಾರಿದ ಪಟ್ಟಿ ಹಿಡಿದು ಮೂರು ಸಲ ಓದಿದರು. ಹಮಾಲಿ, ತೂಕದ ಖರ್ಚು ಕಳೆದು ಉಳಿದದ್ದನ್ನು ಬೆರಳಿನಲ್ಲಿ ಲೆಕ್ಕ ಹಾಕಿದರು. ಆಮೇಲೆ ಅಲ್ಲೇ ಪಕ್ಕದ ಅಂಗಡಿಗೆ ಹೋಗಿ ಎರಡು ಕಿಲೋ ಬ್ಯಾಳಿ ಕಟ್ಟಿಸಿದರು. "ಮಾರಾಕ ಬಂದ್ರ ಅಗ್ಗ, ಕೊಳ್ಳಾಕ ಹೋದ್ರ ತುಟ್ಟಿ" ಅಂದರು, ಯಾರಿಗೂ ಅಲ್ಲ, ಸುಮ್ನೆ. ಬೆಂಗಳೂರಿನ ಗಿರಾಕಿಗೂ ನಿಮ್ಮ ಗಿರಾಕಿಗೂ ಇರುವ ಫರಕು ಇದೇ. ಬ್ಯಾಳಿ ಇಳಿಯಿತು ಅಂದರೆ ಅಲ್ಲಿ ಖುಷಿ. ನಿಮ್ಮಲ್ಲಿ ಗಿರಾಕಿಯೇ ತೊಗರಿ ಬೆಳೆಯುವವ, ಅವನ ಉದ್ರಿ ಬಾಕಿ ಉಳಿಯುತ್ತದೆ.

ನೀವೇ ಒಂದು ಲೆಕ್ಕ ಹಾಕಿ ನೋಡಿ. ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಬ್ಯಾಳಿ ಬರುವುದು ಸುಮಾರು 70 ಕಿಲೋ. ಉಳಿದದ್ದು ಹೊಟ್ಟು, ನುಚ್ಚು, ದನಕ್ಕೆ. 2025-26ರ ಬೆಂಬಲ ಬೆಲೆ 8,000. ಆ ಲೆಕ್ಕಕ್ಕೆ ಬರೀ ಕಾಳಿನ ಖರ್ಚೇ ಕಿಲೋಗೆ 114 ರೂಪಾಯಿ. ಬ್ಯಾಳಿ ಕಿಲೋಗೆ 80ಕ್ಕೆ ಬೇಕು ಅನ್ನುವವರು, ತೊಗರಿ ಯಾವ ರೇಟಿಗೆ ಮಾರಬೇಕು ಅಂತಲೂ ಹೇಳಬೇಕು, ಅಲ್ವಾ?

ಗೊಬ್ಬರದ ಮಾತು ಬೇಗ ಮುಗಿಸುತ್ತೇನೆ. 2025ರಲ್ಲಿ ಡಿಎಪಿ ಚೀಲ 1,350, ಯೂರಿಯಾ ಚೀಲ 266 ರೂಪಾಯಿ 50 ಪೈಸೆ. ಹೊರಗೆ ರೇಟು ಏರಿದರೆ ಸಬ್ಸಿಡಿ ಏರುತ್ತದೆ, ಈ ಚೀಲಗಳ ಮೇಲಿನ ಅಂಕಿ ಅಲ್ಲ. ಚೀನಾ ರಫ್ತು ಬಿಗಿ ಮಾಡಿದರೆ ಚೀಲವೇ ಸಿಗುವುದಿಲ್ಲ, ಅದು ನಿಜ. ಆದರೆ ಬರೆದ ರೇಟಿಗಿಂತ ಮೇಲೆ ಯಾರಾದರೂ ಕೇಳಿದರೆ ಅದಕ್ಕೆ ಬೇರೆ ಹೆಸರಿದೆ.

ಟ್ರಂಪ್ ಸಾಹೇಬರ ಕಥೆ ಇನ್ನೂ ಬೇರೆ. 2025ರ ಆಗಸ್ಟಿನಲ್ಲಿ ಶೇ. 50 ಸುಂಕ ಹಾಕಿದ್ದು ಇಲ್ಲಿಂದ ಅಮೆರಿಕಕ್ಕೆ ಹೋಗುವ ಮಾಲಿನ ಮೇಲೆ. ಅದರಿಂದ ನಿಮ್ಮ ಸಕ್ಕರೆ, ಸಾಬೂನು ತುಟ್ಟಿ ಆಗಲ್ಲ. ಪೆಟ್ಟು ಬಿದ್ದದ್ದು ಸಿಗಡಿ, ಬಟ್ಟೆ, ಕರಕುಶಲ ವಸ್ತು ಕಳಿಸುವವರಿಗೆ. ಹೂಜಿಗೆ ಬೆಳ್ಳಿ ತಂತಿ ಕೂರಿಸುವ ಬಿದರಿ ಕೆಲಸಗಾರನಿಗೆ ಚಿಂತೆ ಹತ್ತಿರಬಹುದು, ನಿಮ್ಮ ಗಿರಾಕಿಗಲ್ಲ. ನಿಮಗೆ ತಟ್ಟುವುದು ಡಾಲರ್. 2022ರ ಶುರುವಿನಲ್ಲಿ 75 ರೂಪಾಯಿ ಆಸುಪಾಸು ಇದ್ದದ್ದು 2025ರ ಡಿಸೆಂಬರಿನಲ್ಲಿ 90 ದಾಟಿತು. ಹೊರದೇಶದಲ್ಲಿ ಎಣ್ಣೆ ರೇಟು ಹಾಗೇ ಇದ್ದರೂ ಇಲ್ಲಿಗೆ ಬರುವಾಗ ತುಟ್ಟಿ.

ಇನ್ನು ನೆಪ. ಬೇಜಾರು ಮಾಡಿಕೊಳ್ಳಬೇಡಿ. ರೇಟು ಏರಿದಾಗ ನಿಮ್ಮವರು ಗೋಡೌನಿನ ಹಳೇ ಡಬ್ಬಿಯನ್ನೂ ಹೊಸ ರೇಟಿಗೆ ಮಾರುತ್ತಾರೆ. ಕೇಳಿದರೆ "ನಾಳೆ ಹೊಸ ರೇಟಿಗೇ ತರಬೇಕಲ್ಲ". ಇಳಿದಾಗ? "ಇದು ಹಳೇ ರೇಟಿನ ಮಾಲು". ಎರಡೂ ಮಾತು ನಿಜವೇ. ಆದರೆ ಎರಡೂ ಒಂದೇ ಬಾಯಲ್ಲಿ ಬರಬಾರದು.

ನಿಮಗೆ ಬುದ್ಧಿ ಹೇಳಲು ನನಗೂ ಅಷ್ಟು ಮುಖ ಇಲ್ಲ ಬಿಡಿ. 2022ರಲ್ಲಿ ರಷ್ಯಾ ಕಡೆಯ ನ್ಯೂಸ್‌ಪ್ರಿಂಟ್ ಬರುವುದು ತೊಡಕಾಗಿ ಕಾಗದ ವಿಪರೀತ ತುಟ್ಟಿಯಾಯಿತು ಅಂತ ನಮ್ಮ ಪತ್ರಿಕೆಯ ಬೆಲೆ ಏರಿಸಿದೆವು. ಇದೇ ಪುಟದಲ್ಲಿ "ಯುದ್ಧದಿಂದಾಗಿ ಅನಿವಾರ್ಯ" ಅಂತ ಬರೆದವನು ನಾನೇ. ಆಮೇಲೆ ಕಾಗದದ ರೇಟು ಇಳಿಯಿತು. ಪತ್ರಿಕೆಯ ಬೆಲೆ ಮಾತ್ರ ಅಷ್ಟೇ ಇದೆ. ನೀವು ಆ ಪ್ರಶ್ನೆಯನ್ನೂ ಕೇಳುತ್ತೀರಿ ಅಂತ ಹೆದರಿ, ಮೊದಲೇ ಹೇಳಿಬಿಟ್ಟೆ.

— ಸಂಪಾದಕ