ಬರೋಲೊ ವೈನ್ ಇಷ್ಟು ತೆಳು ಬಣ್ಣ, ಇಷ್ಟು ಒಗರು ಏಕೆ? ಉಳಿದ ಬಾಟಲಿಯನ್ನು ಎಷ್ಟು ವರ್ಷ ಇಡಬಹುದು?

ನಿಮ್ಮ ಭಾವ ಇಟಲಿಯಿಂದ ತಂದ 2019ರ ಬರೋಲೊ ಎಂಬ ಕೆಂಪು ವೈನಿನ ಎರಡು ಬಾಟಲಿಗಳಲ್ಲಿ ಒಂದನ್ನು ತೆರೆದಿದ್ದೀರಿ. ಬಣ್ಣ ತೆಳು, ಬಾಯೆಲ್ಲ ಒಗರು. ನೀರು ಬೆರೆಸಿದ್ದಾರೋ ಏನೋ ಎಂದು ನಿಮಗೆ ಅನುಮಾನ. ಇನ್ನೊಂದನ್ನು ಬೆಂಗಳೂರಿನ ಮನೆಯಲ್ಲೇ ಇಪ್ಪತ್ತು ವರ್ಷ ಇಟ್ಟರೆ ಸರಿಹೋದೀತೇ ಎಂದು ಕೇಳಿದ್ದೀರಿ. ಅನುಮಾನ ಬೇಡ, ನೀವು ಹೇಳಿದ ಎರಡೂ ಅಸಲಿ ಬರೋಲೊದ ಲಕ್ಷಣಗಳೇ. ಆದರೆ ಬೆಂಗಳೂರಿನ ಕಪಾಟಿನಲ್ಲಿ ಇಪ್ಪತ್ತು ವರ್ಷ ಇಡುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ.

ನಾನು ಕೆಲಸದ ನಿಮಿತ್ತ ಇಟಲಿಯ ಟುರಿನ್‌ನಲ್ಲಿದ್ದೇನೆ. ವೈನ್ ವ್ಯಾಪಾರಿಯಲ್ಲ, ಆದರೆ ಬರೋಲೊದ ಊರುಗಳು ಇಲ್ಲಿಂದ ದೂರವಿಲ್ಲ. ಇಲ್ಲಿ ಊಟಕ್ಕೆ ಕುಳಿತರೆ ಆ ಮಾತು ಬಾರದೆ ಇರುವುದಿಲ್ಲ. ಲಾಂಗೆ ಗುಡ್ಡಗಳ 11 ಊರುಗಳ ಎಲ್ಲೆಯೊಳಗೆ ಬೆಳೆದ ನೆಬ್ಬಿಯೋಲೊ ದ್ರಾಕ್ಷಿಯಿಂದಷ್ಟೇ ಬರೋಲೊ ಮಾಡಬೇಕು, ಬೇರೆ ತಳಿ ಒಂದು ಹನಿಯೂ ಬೆರೆಯುವಂತಿಲ್ಲ. ಈ ದ್ರಾಕ್ಷಿ ಮಾಗುವುದು ತಡ. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಕೊಯ್ಲು. ಇದರ ಸಿಪ್ಪೆಯ ಬಣ್ಣದ ಅಂಶ ಗಾಳಿ ಸೋಕಿದರೆ ಬೇಗ ಕೆಡುವ ಜಾತಿಯದು. ಹಾಗಾಗಿ ವೈನ್ ಎಂದೂ ಮಸಿಯಂತೆ ಕಪ್ಪಾಗುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಲೋಟವನ್ನು ಓರೆಯಾಗಿ ಹಿಡಿದು ನೋಡಿ: ನಡುವೆ ತಿಳಿಗೆಂಪು, ಅಂಚಿನಲ್ಲಿ ಇಟ್ಟಿಗೆಯ ಛಾಯೆ, ಕೆಳಗಿಟ್ಟ ಬೆರಳು ಕೂಡ ಕಾಣುತ್ತದೆ. ಬಣ್ಣ ನೋಡಿ ಸೌಮ್ಯವೆಂದು ಮೋಸಹೋಗಬೇಡಿ. ನಿಯಮದ ಪ್ರಕಾರ ಆಲ್ಕೋಹಾಲ್ ಕನಿಷ್ಠ ಶೇ. 13 ಇರಬೇಕು, ಬಹುತೇಕ ಬಾಟಲಿಗಳಲ್ಲಿ 14ರ ಆಸುಪಾಸು ಇರುತ್ತದೆ.

ಇನ್ನು ಒಗರು. ಎಳೆ ಅಡಿಕೆ ಜಗಿದಾಗ ನಾಲಿಗೆ, ವಸಡು ಬಿಗಿಯುತ್ತವಲ್ಲ, ಅದಕ್ಕೂ ಇದಕ್ಕೂ ಕಾರಣ ಒಂದೇ: ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುವ ಈ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುತನವನ್ನು ಕಿತ್ತುಕೊಳ್ಳುತ್ತದೆ. ನೆಬ್ಬಿಯೋಲೊದಲ್ಲಿ ಟ್ಯಾನಿನ್ನೂ ಹೆಚ್ಚು, ಹುಳಿಯೂ ಹೆಚ್ಚು. ಮಾರಾಟಕ್ಕೆ ಬಿಡುವ ಮೊದಲೇ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಎಂಬ ಕಟ್ಟಳೆ ಬಂದಿರುವುದು ಸುಮ್ಮನೆ ಅಲ್ಲ. ‘ರಿಸೆರ್ವಾ’ ಎಂದು ಬರೆದಿದ್ದರೆ 62 ತಿಂಗಳು.

ಬಾಟಲಿಯಲ್ಲಿ ಮುಂದೆ ನಡೆಯುವುದು ನಿಧಾನದ ಕೆಲಸ. ಟ್ಯಾನಿನ್‌ಗಳು ಒಂದಕ್ಕೊಂದು, ಬಣ್ಣದ ಅಂಶಕ್ಕೂ ಕೂಡಿಕೊಳ್ಳುತ್ತಾ ಹೋಗುತ್ತವೆ, ಒಂದಿಷ್ಟು ಗಸಿಯಾಗಿ ತಳ ಸೇರುತ್ತದೆ, ಒಗರು ಮೆತ್ತಗಾಗುತ್ತದೆ. ಚೆರಿ, ಗುಲಾಬಿಯ ವಾಸನೆಯ ಜೊತೆಗೆ ಡಾಂಬರು, ಒಣ ಎಲೆ, ಚರ್ಮ, ಅಣಬೆ ಎಲ್ಲ ಸೇರಿಕೊಳ್ಳುತ್ತವೆ. ಡಾಂಬರು ಎಂದರೆ ಮುಖ ಸಿಂಡರಿಸಬೇಡಿ, ಬರೋಲೊಗೆ ಅದು ಹೊಗಳಿಕೆಯೇ. ಆದರೆ ಹುಳಿ ಮಾತ್ರ ಹೆಚ್ಚು ಇಳಿಯುವುದಿಲ್ಲ. ಹಣ್ಣಿನ ರಸಗಂಧ ಗಟ್ಟಿಯಾಗಿರದ ವೈನನ್ನು ವರ್ಷಗಟ್ಟಲೆ ಇಟ್ಟರೆ ಕೊನೆಗೆ ಉಳಿಯುವುದು ಹುಳಿ ಮತ್ತು ಒಣ ಒಗರು, ಅಷ್ಟೇ. ಹಳೆಯದಾದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ನಾನು ಒಪ್ಪದಿರುವುದು ಇದಕ್ಕೇ.

ಎಷ್ಟು ಕಾಯಬೇಕೆಂಬುದು ಊರನ್ನೂ ಮಾಡಿದವರನ್ನೂ ನೋಡಿ ಹೇಳಬೇಕಾದ ಮಾತು. ಲಾ ಮೊರ್ರಾದ ವೈನ್ ಸಾಮಾನ್ಯವಾಗಿ ಬೇಗ ಮೃದುವಾಗುತ್ತದೆ, ಸೆರ್ರಾಲುಂಗಾದ್ದು ಹಟಮಾರಿ. ಮಾಡುವ ಕ್ರಮದ ಬಗ್ಗೆಯಂತೂ ಇಲ್ಲಿ ದೊಡ್ಡ ಜಗಳವೇ ಆಗಿಹೋಗಿದೆ. ಹಳಬರು ರಸವನ್ನು ವಾರಗಟ್ಟಲೆ ಸಿಪ್ಪೆಯ ಜೊತೆಗೇ ಬಿಟ್ಟು, ಆಮೇಲೆ ಭಾರಿ ಓಕ್ ಪೀಪಾಯಿಗಳಿಗೆ ತುಂಬುವವರು. 1980ರ ದಶಕದ ಹೊಸಬರು ಸಿಪ್ಪೆಯ ಸಹವಾಸವನ್ನು ಕಡಿಮೆ ಮಾಡಿ, 225 ಲೀಟರಿನ ‘ಬಾರಿಕ್’ ಎಂಬ ಚಿಕ್ಕ ಫ್ರೆಂಚ್ ಪೀಪಾಯಿಗಳಿಗೆ ಹೋದರು. 1983ರಲ್ಲಿ ಹೊಸಬರ ಬಣದ ಎಲಿಯೊ ಅಲ್ತಾರೆ ಅಪ್ಪನ ಹಳೆಯ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಸೀಳಿಹಾಕಿದರು. ಅಪ್ಪ ಮಗನಿಗೆ ಆಸ್ತಿ ತಪ್ಪಿಸಿದರು. ಹಳಬರ ಬಣದ ಬಾರ್ತೊಲೊ ಮಸ್ಕರೆಲ್ಲೊ, ಇಟಲಿಯ ರಾಜಕಾರಣಿ ಬೆರ್ಲುಸ್ಕೋನಿಯನ್ನೂ ಸೇರಿಸಿ, ‘ನೋ ಬಾರಿಕ್, ನೋ ಬೆರ್ಲುಸ್ಕೋನಿ’ ಎಂದು ಬಾಟಲಿಯ ಚೀಟಿಯ ಮೇಲೇ ಬರೆದರು. ಈಗ ಎರಡೂ ಬಣದವರು ನಡುವಿಗೆ ಬಂದಿದ್ದಾರೆ. ನನ್ನ ರುಚಿ ಹಳಬರ ಕಡೆಗೇ. ಹೊಸ ಮರದ ವೆನಿಲ್ಲಾ ವಾಸನೆ ಗುಲಾಬಿಯನ್ನು ಮುಚ್ಚಿಹಾಕುವುದು ನನಗೆ ಸಹಿಸದು.

ಇಟಲಿಯ ತಣ್ಣನೆಯ ನೆಲಮಾಳಿಗೆಯಲ್ಲಿದ್ದರೆ ನಿಮ್ಮ 2019ನ್ನು ಇನ್ನೂ ಹತ್ತು ವರ್ಷ ಮುಟ್ಟಬೇಡಿ ಎನ್ನುತ್ತಿದ್ದೆ. ವೈನಿಗೆ ಬೇಕಾದದ್ದು 12ರಿಂದ 14 ಡಿಗ್ರಿ, ಏರಿಳಿತವಿಲ್ಲದೆ, ಕತ್ತಲಲ್ಲಿ, ಬಿರಡೆ ಒಣಗದಂತೆ ಮಲಗಿಸಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅಟ್ಟದ ಮೇಲೆ 30 ಡಿಗ್ರಿ ದಾಟುತ್ತದೆ; ಅಲ್ಲಿ ವೈನ್ ಮಾಗುವುದಿಲ್ಲ, ಬೇಯುತ್ತದೆ. ಬಿರಡೆ ಮೇಲೆದ್ದಿದ್ದರೆ, ಕತ್ತಿನ ಬಳಿ ಅಂಟು ಒಸರಿದ್ದರೆ ಬಿಸಿ ತಗುಲಿದೆ ಎಂದೇ ಲೆಕ್ಕ. ವೈನ್‌ಗೆಂದೇ ಇರುವ ಫ್ರಿಜ್ ಇದ್ದರೆ ಇಡಿ. ಇಲ್ಲದಿದ್ದರೆ ಕೆಲವು ತಿಂಗಳ ಮಟ್ಟಿಗೆ ಅಡುಗೆಮನೆಯ ಫ್ರಿಜ್ಜೇ ಅಟ್ಟಕ್ಕಿಂತ ವಾಸಿ, ಅಷ್ಟರೊಳಗೆ ಕುಡಿದುಬಿಡಿ.

ತೆರೆಯುವ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಕುಡಿಯುವ ಎರಡು ಮೂರು ಗಂಟೆ ಮೊದಲು ಅಗಲ ಬಾಯಿಯ ಗಾಜಿನ ಜಗ್ಗಿಗೆ ನಿಧಾನವಾಗಿ ಬಗ್ಗಿಸಿ. ಬಾಟಲಿಯ ಕತ್ತಿನ ಹಿಂದೆ ಮೊಬೈಲ್ ಬೆಳಕು ಹಿಡಿದರೆ ಗಸಿಯ ಎಳೆ ಬರುವುದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ. ನಮ್ಮ ಕೋಣೆಯ ಬಿಸಿಯಲ್ಲಿ ಕುಡಿಯಬೇಡಿ, 18 ಡಿಗ್ರಿ ಸಾಕು. ಬರಿಹೊಟ್ಟೆಯಲ್ಲೂ ಬೇಡ. ಕೊಬ್ಬು, ಪ್ರೋಟೀನು ಸಿಕ್ಕರೆ ಟ್ಯಾನಿನ್ ನಾಲಿಗೆಯನ್ನು ಬಿಟ್ಟು ಅವುಗಳನ್ನು ಹಿಡಿಯುತ್ತದೆ. ಇಲ್ಲಿಯವರು ದನದ ಮಾಂಸವನ್ನು ಬರೋಲೊದಲ್ಲೇ ಗಂಟೆಗಟ್ಟಲೆ ಬೇಯಿಸುತ್ತಾರೆ. ನಿಮಗೆ ನಿಧಾನವಾಗಿ ಬೆಂದ ಮಟನ್ ಆದೀತು, ಸಸ್ಯಾಹಾರಿಗಳಾದರೆ ಬೆಣ್ಣೆಯಲ್ಲಿ ಹುರಿದ ಅಣಬೆ, ಹಳೆಯ ಚೀಸ್. ಮೆಣಸಿನಕಾಯಿಯ ಖಾರವನ್ನು ಮಾತ್ರ ಹಿಡಿತದಲ್ಲಿಡಿ, ಒಗರನ್ನೂ ಆಲ್ಕೋಹಾಲಿನ ಉರಿಯನ್ನೂ ಅದು ಎತ್ತಿ ತೋರಿಸುತ್ತದೆ. ಮೊದಲ ಬಾಟಲಿಯಲ್ಲಿ ಇನ್ನೂ ಉಳಿದಿದ್ದರೆ ಚೆಲ್ಲಬೇಡಿ. ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ, ಎಳೆಯ ಬರೋಲೊ ಮರುದಿನ ಇನ್ನಷ್ಟು ಮೃದುವಾಗಿರುವುದುಂಟು.