ಕೆರೆ ದಂಡೆಯ ಪಾರ್ಕಿನಲ್ಲಿ ಟೆಂಟ್ ಎಲ್ಲಿ ಹಾಕಬೇಕು?

ಕೆರೆ ಪಕ್ಕದ ಪಾರ್ಕಿನಲ್ಲಿ ಒಂದು ರಾತ್ರಿ ಟೆಂಟ್ ಹಾಕುತ್ತೀರಿ, ನೀರಿನ ಅಂಚಿಗೇ ಜಾಗ ಹಿಡಿಯಬೇಕಾ, ಅಲ್ಲಿರುವ ಹಳೇ ಮನೆ ಮತ್ತು ಪುಟ್ಟ ಮ್ಯೂಸಿಯಂ ನೋಡೋಕೆ ಟೈಮ್ ಕೊಡಬೇಕಾ ಅಂತ ಕೇಳಿದ್ದೀರಿ. ಮೊದಲು ಮ್ಯೂಸಿಯಂಗೆ ಹೋಗಿ, ಆಮೇಲೆ ಟೆಂಟ್ ಹಾಕಿ. ತಮಾಷೆ ಮಾಡ್ತಿಲ್ಲ.

ಮೊದಲ ಸಲ ನಾನು ನೀರಿನಿಂದ ಹತ್ತು ಹೆಜ್ಜೆಯಲ್ಲೇ ಹಾಕಿದ್ದೆ. ಬೆಳಗ್ಗೆ ಝಿಪ್ ಎಳೆದರೆ ಎದುರಿಗೇ ಕೆರೆ ಕಾಣಬೇಕು ಅನ್ನೋ ಆಸೆ. ಬೆಳಗಿನ ಜಾವ ಹಣೆ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಮಳೆ ಅಂದುಕೊಂಡು ಇಣುಕಿದರೆ ಆಕಾಶದ ತುಂಬ ನಕ್ಷತ್ರ! ಟೆಂಟಿನ ಒಳಮೈಯೆಲ್ಲ ಬೆವತಿತ್ತು. ಸ್ಲೀಪಿಂಗ್ ಬ್ಯಾಗಿನ ತುದಿ ಹಿಂಡಿದರೆ ನೀರು ಬರುವಂತಿತ್ತು. ದಂಡೆಯಲ್ಲಿ ತೇವ ಹೇಗೂ ಜಾಸ್ತಿ, ರಾತ್ರಿಯ ತಣ್ಣನೆ ಗಾಳಿಯೂ ತಗ್ಗಿಗೇ ಇಳಿದು ನಿಲ್ಲುತ್ತದೆ. ನಮ್ಮ ಉಸಿರಿನ ಹಬೆ ತಣ್ಣಗಾದ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಚಳಿ ಅಂತ ಕಿಂಡಿಗಳನ್ನೂ ಮುಚ್ಚಿಕೊಂಡಿದ್ದೆ, ಅದು ನನ್ನದೇ ದಡ್ಡತನ.

ಬೆಳಗ್ಗೆ ಬಟ್ಟೆ ಒಣಗಲು ಹರವಿ, ಸುಮ್ನೆ ಹಳೇ ಮನೆ ಕಡೆ ನಡೆದೆ. ಅದು ದಿಬ್ಬದ ಮೇಲಿತ್ತು. ಇಷ್ಟು ದೂರದಿಂದ ದಿನಾ ನೀರು ಹೊತ್ತರಾ ಅನ್ನಿಸಿತು. ಒಳಗೆ ಗೋಡೆಯಲ್ಲಿ ಒಂದು ಕಪ್ಪುಬಿಳುಪು ಫೋಟೋ: ಕೆರೆ ತುಂಬಿದೆ, ಕವಲೊಡೆದ ಮರಕ್ಕೆ ದೋಣಿ ಕಟ್ಟಿದ್ದಾರೆ. ನನ್ನ ಟೆಂಟಿನ ಹಗ್ಗ ಬಿಗಿದಿದ್ದು ಅದೇ ಮರಕ್ಕೆ! ಅಂದ್ರೆ ಕೆರೆ ತುಂಬಿದಾಗ ನೀರು ಅಲ್ಲಿವರೆಗೂ ಬರುತ್ತಿತ್ತು, ಮನೆ ದಿಬ್ಬದ ಮೇಲಿರೋದು ಅದಕ್ಕೇ ಇರಬೇಕು.

ಅವತ್ತಿನಿಂದ ಹಳೇ ಕಟ್ಟಡ ಎಷ್ಟು ಎತ್ತರದಲ್ಲಿದೆ ಅಂತ ನೋಡಿಯೇ ಜಾಗ ಹುಡುಕುತ್ತೇನೆ. ದಂಡೆಯಲ್ಲಿ ಒಣ ಕಡ್ಡಿ, ಹುಲ್ಲು, ಬಾಟಲಿ ಸಾಲಾಗಿ ಬಿದ್ದಿರುತ್ತವಲ್ವಾ? ನೀರು ಅಲ್ಲಿವರೆಗೆ ಬಂದು ಹೋಗಿದೆ ಅಂತ ಅರ್ಥ. ಅದಕ್ಕಿಂತ ಮೇಲೆಯೇ ಇರಿ. ಪಾರ್ಕಿನವರು ಜಾಗ ಗುರುತು ಹಾಕಿದ್ದರೆ ಅಲ್ಲೇ ಹಾಕಿ. ಪಾತ್ರೆ ತೊಳೆಯುವುದು ನೀರಿನಿಂದ 60 ಮೀಟರ್ ಆಚೆ, ಸೋಪು ಕೆರೆಗೆ ಸೇರಬಾರದು.

ಮ್ಯೂಸಿಯಂನಲ್ಲಿ ಹಳೇ ನಕ್ಷೆ ಇದ್ದರೆ ಬಿಡಬೇಡಿ. ಇಂಥ ಎಷ್ಟೋ ಕೆರೆಗಳು ಅಣೆಕಟ್ಟಿನ ಹಿನ್ನೀರು, ಕೆಲವುದರ ತಳದಲ್ಲಿ ಊರೇ ಇರುತ್ತದೆ. ಇಟಲಿಯ ರೆಶೆನ್ ಸರೋವರದಲ್ಲಿ 1950ರಲ್ಲಿ ಗ್ರೌನ್ ಅನ್ನೋ ಹಳ್ಳಿ ಮುಳುಗಿತು. 14ನೇ ಶತಮಾನದ ಚರ್ಚ್ ಗೋಪುರ ಮಾತ್ರ ಈಗಲೂ ನೀರಿನ ನಡುವೆ ನಿಂತಿದೆ.

ಕಪ್ಪೆಗಳ ಗಲಾಟೆ ಮಾತ್ರ ದಿಬ್ಬದ ಮೇಲೂ ಅಷ್ಟೇ ಕೇಳುತ್ತದೆ. ಕಿವಿಗೆ ಹತ್ತಿ ಒಯ್ಯಿರಿ.