ಅದು ಮಂಜಲ್ಲ

"ಅಕ್ಕಾ, ಸಾಲ್ಟ್ ಲೇಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ, ಜೂನ್‌ನಲ್ಲಿ ಹೊರಡುತ್ತಿದ್ದೇವೆ" ಎಂದು ಶುರುವಾದ ನಿಮ್ಮ ಪತ್ರ ಎರಡು ಸಲ ಓದಿದೆ. ಸ್ನೋದಲ್ಲಿ ಕಾರು ಓಡಿಸುವುದು ಕಷ್ಟವಾ, ಭೂಕಂಪ ಆಗುತ್ತದಂತೆ ನಿಜವಾ, ಮನೆ ಬೆಟ್ಟದ ಬುಡದಲ್ಲಿ ಹಿಡಿಯುವುದಾ ಕೆಳಗಿನ ಬಯಲಲ್ಲಾ, ಕನ್ನಡದವರು ಇದ್ದಾರಾ. ಇಷ್ಟು ಕೇಳಿ, ಕೊನೆಯಲ್ಲಿ ಬ್ರಾಕೆಟ್ಟಿನೊಳಗೆ ಒಂದು ಸಾಲು: "ಅಮ್ಮನಿಗೆ ಸ್ವಲ್ಪ ಉಬ್ಬಸ ಇದೆ, ಡಿಸೆಂಬರ್‌ನಲ್ಲಿ ಕರೆಸಿಕೊಂಡು ಸ್ನೋ ತೋರಿಸಬೇಕು ಅಂತ ಆಸೆ." ನಾನು ಆ ಬ್ರಾಕೆಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಉಳಿದದ್ದು ದಾರಿಯಲ್ಲಿ ಸಿಕ್ಕಷ್ಟು.

ನಾನು ಇಲ್ಲಿಗೆ ಬಂದಿದ್ದು 2009ರ ಜನವರಿಯಲ್ಲಿ. ನಮ್ಮದು ಸಾಗರದ ಹತ್ತಿರ ಅಡಿಕೆ ತೋಟದ ಮನೆ. ಘಟ್ಟ, ಮಳೆ, ಮಂಜು, ಇಂಬಳ ಎಲ್ಲ ನೋಡಿಯೇ ಬೆಳೆದವಳು. ಈ ಊರಿರುವ ಯೂಟಾ ರಾಜ್ಯ ಬೆಟ್ಟಗಳ ನಾಡು ಎಂದು ತಿಳಿದಾಗ ಅಪ್ಪಯ್ಯ "ಘಟ್ಟದ ಹುಡುಗಿಗೆ ಘಟ್ಟದೂರೇ ಸಿಕ್ತು ಬಿಡು" ಎಂದು ನಕ್ಕಿದ್ದರು. ನನಗೂ ಅದೇ ಜಂಬ. ವಿಮಾನ ಇಳಿಯುವಾಗ ಕಿಟಕಿಯಲ್ಲಿ ಬಿಸಿಲಿಗೆ ಹೊಳೆಯುವ ಬಿಳಿ ಶಿಖರಗಳು. ಸ್ವಲ್ಪ ಹೊತ್ತಿಗೆ ವಿಮಾನ ಬೂದು ಬಣ್ಣದ ಏನೋ ಒಂದರೊಳಗೆ ಮುಳುಗಿತು. ಓಹೋ ಮಂಜು, ನಮ್ಮೂರ ಹಾಗೇ ಎಂದುಕೊಂಡೆ. ಮೂರನೇ ದಿನಕ್ಕೆ ಗಂಟಲು ಕೆರೆಯತೊಡಗಿತು. ಹತ್ತು ದಿನವಾದರೂ ಬೆಟ್ಟದ ಮುಖ ಕಾಣಲಿಲ್ಲ. ಕೊನೆಗೆ ಆಫೀಸಿನವರೊಬ್ಬರು ಕನಿಕರಪಟ್ಟು ಮೇಲೆ ಪಾರ್ಕ್ ಸಿಟಿಗೆ ಕರೆದುಕೊಂಡು ಹೋದರು. ಕಾರಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಅಲ್ಲಿ ನೀಲಿ ಆಕಾಶ, ಕಣ್ಣು ಕುಕ್ಕುವ ಬಿಸಿಲು, ಮೇಲಾಗಿ ಕೆಳಗಿಗಿಂತ ಬೆಚ್ಚಗಿತ್ತು. ವಾಪಸ್ ಇಳಿಯುವಾಗ ಒಂದು ತಿರುವಿನಲ್ಲಿ ಕಣಿವೆ ಕಂಡಿತು. ಪಾತ್ರೆ ತೊಳೆದ ನೀರು ತುಂಬಿಟ್ಟ ಬೋಗುಣಿಯ ಹಾಗೆ. ಅದರ ತಳದಲ್ಲಿ ನಮ್ಮ ಮನೆ.

ಇದಕ್ಕೆ ಇಲ್ಲಿನವರು ಇನ್‌ವರ್ಷನ್ ಎನ್ನುತ್ತಾರೆ. ಊರಿನ ಪೂರ್ವಕ್ಕೆ ವಾಸಾಚ್ ಬೆಟ್ಟಸಾಲು, ಪಶ್ಚಿಮಕ್ಕೆ ಓಕರ್ ಬೆಟ್ಟಸಾಲು. ಮೇಲೆ ಹೋದಂತೆ ಚಳಿ ಜಾಸ್ತಿ ಆಗಬೇಕು, ಅಲ್ವಾ? ಚಳಿಗಾಲದಲ್ಲಿ ಗಾಳಿ ಆಡದ ದಿನಗಳಲ್ಲಿ ಇಲ್ಲಿ ಉಲ್ಟಾ. ತಣ್ಣನೆಯ ಗಾಳಿ ಕಣಿವೆಯ ತಳಕ್ಕೆ ಇಳಿದು ಕೂರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕುತ್ತದೆ. ಕಾರಿನ ಹೊಗೆ, ಮನೆ ಕಾಯಿಸುವ ಹೊಗೆ, ಕಾರ್ಖಾನೆಯದು, ಎಲ್ಲ ಆ ಮುಚ್ಚಳದ ಕೆಳಗೇ. ನಮ್ಮೂರ ಮಂಜು ಹೊತ್ತೇರಿದ ಹಾಗೆ ಕರಗುತ್ತದೆ. ಇದು ಬಿಸಿಲಿಗೆ ಬಗ್ಗುವುದಿಲ್ಲ. ಪಶ್ಚಿಮದಿಂದ ಒಂದು ಬಿರುಗಾಳಿ, ಸ್ನೋ ಬಂದು ಗುಡಿಸಿಕೊಂಡು ಹೋಗಬೇಕು. ಅಲ್ಲಿಯವರೆಗೆ ನಾಲ್ಕು ದಿನ ಆಗಬಹುದು, ಎರಡು ವಾರವೂ ಆಗಬಹುದು. ಹಾಗಾಗಿಯೇ ಇಲ್ಲಿಯವರು ಜನವರಿಯಲ್ಲಿ ಸ್ನೋ ಬರುತ್ತದೆ ಎಂದರೆ ಖುಷಿಪಡುತ್ತಾರೆ. ನೀವು ಯಾವುದಕ್ಕೆ ಹೆದರಿ ಪತ್ರ ಬರೆದಿರೋ ಅದೇ ಇಲ್ಲಿ ಕಾಪಾಡುವುದು.

ಸ್ನೋ ವಿಷಯ ಬೇಗ ಮುಗಿಸುತ್ತೇನೆ. ಊರೊಳಗೆ ಒಂದು ಚಳಿಗಾಲಕ್ಕೆ ಸುಮಾರು 50 ಇಂಚು ಬೀಳುತ್ತದೆ, ರಸ್ತೆ ಬೇಗ ತೆರವು ಮಾಡುತ್ತಾರೆ. ಒಳ್ಳೆ ಟೈರು ಹಾಕಿಸಿ, ನಿಧಾನ ಓಡಿಸಿ, ಅಷ್ಟೇ. ಲಿಟ್ಲ್ ಕಾಟನ್‌ವುಡ್ ಕಣಿವೆಯ ಮೇಲ್ತುದಿಯ ಆಲ್ಟಾದ ಕಥೆ ಬೇರೆ. 2022-23ರ ಚಳಿಗಾಲದಲ್ಲಿ ಅಲ್ಲಿ 903 ಇಂಚು ಬಿತ್ತು. ಆ ರಸ್ತೆಗೆ ಹಿಮಕುಸಿತ ಬರುತ್ತದೆ. ರಸ್ತೆ ಮುಚ್ಚಿದ್ದಾರೆ ಎಂದರೆ ಮುಚ್ಚಿದ್ದಾರೆ. ನಮ್ಮ ಘಾಟಿಗಳಲ್ಲಿ ಗೇಟಿನವರನ್ನು ಪುಸಲಾಯಿಸಿ ಹೋಗುವ ಬುದ್ಧಿ ಇಲ್ಲಿ ಬೇಡ.

ಭೂಕಂಪ ನಿಜ. ವಾಸಾಚ್ ಫಾಲ್ಟ್ ಎನ್ನುವ ಭೂಮಿಯ ಬಿರುಕು ಸುಮಾರು 390 ಕಿಲೋಮೀಟರ್ ಉದ್ದಕ್ಕೆ ಬೆಟ್ಟದ ಬುಡದಲ್ಲೇ ಹಾದುಹೋಗುತ್ತದೆ. 50 ವರ್ಷದೊಳಗೆ ಈ ಭಾಗದಲ್ಲಿ 6.75 ಅಥವಾ ಅದಕ್ಕಿಂತ ದೊಡ್ಡ ಕಂಪನ ಆಗುವ ಸಾಧ್ಯತೆ ಶೇಕಡ 43 ಎಂದು 2016ರಲ್ಲಿ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತ್ತು. ಅದನ್ನು ಓದಿದ ಮೇಲೂ ನಾವು ಇಲ್ಲಿ ಮನೆ ಕೊಂಡೆವು ಎನ್ನುವುದನ್ನೂ ತಿಳಿದಿರಿ. 2020ರ ಮಾರ್ಚ್ 18, ಬೆಳಿಗ್ಗೆ 7 ಗಂಟೆ 9 ನಿಮಿಷಕ್ಕೆ ಊರ ಪಶ್ಚಿಮದ ಮ್ಯಾಗ್ನಾ ಹತ್ತಿರ 5.7ರ ಕಂಪನ ಆಯಿತು. ಕೊರೋನಾ ಶುರುವಾದ ವಾರ ಬೇರೆ. ನಾನು ದೋಸೆ ಹೊಯ್ಯುತ್ತಿದ್ದೆ. ಶೆಲ್ಫಿನ ಮೇಲಿದ್ದ ಸ್ಟೀಲ್ ಡಬ್ಬಿಗಳೆಲ್ಲ ಒಟ್ಟಿಗೆ ಕೆಳಗೆ. ಊರ ನಡುವಿನ ಮಾರ್ಮನ್ ದೇವಾಲಯದ ತುದಿಯಲ್ಲಿ ನಿಂತಿರುವ ಚಿನ್ನದ ಬಣ್ಣದ ಮೂರ್ತಿಯ ಕೈಯಿಂದ ಕಹಳೆಯೇ ಜಾರಿ ಬಿತ್ತು. ಯಾರೂ ಸಾಯಲಿಲ್ಲ. ಆದರೆ ಹಳೆಯ ಇಟ್ಟಿಗೆ ಮನೆಗಳ ಚಿಮಣಿ, ಗೋಡೆ ಬಿರಿದವು. ಅದಕ್ಕೇ ಹೇಳುವುದು, ಬಾಡಿಗೆಗೆ ಹಿಡಿದರೂ ಹಳೆಯ ಇಟ್ಟಿಗೆ ಮನೆ ಬೇಡ. ನೋಡಲು ಎಷ್ಟು ಚೆನ್ನಾಗಿದ್ದರೂ ಬೇಡ. 1970ಕ್ಕಿಂತ ಹಿಂದೆ ಕಟ್ಟಿದ್ದರಲ್ಲಿ ಒಳಗೆ ಕಬ್ಬಿಣವಿಲ್ಲದ ಗೋಡೆಗಳು ಜಾಸ್ತಿ. ಮರದ ಚೌಕಟ್ಟಿನ ಮನೆ ವಾಸಿ, ಅದು ಓಲಾಡುತ್ತದೆ, ಬೀಳುವುದು ಕಡಿಮೆ. ಮುಂದೆ ಕೊಳ್ಳುವಾಗ ಒಂದು ವಿಷಯ ನೆನಪಿರಲಿ. ಮಾಮೂಲಿ ಮನೆ ವಿಮೆಯಲ್ಲಿ ಭೂಕಂಪವೂ ಸೇರಿಲ್ಲ, ನೆರೆಯೂ ಸೇರಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿಸಬೇಕು.

ಮೇಲೋ ಕೆಳಗೋ ಎನ್ನುವ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಪೂರ್ವದ ಬೆಟ್ಟದ ಬುಡಕ್ಕೆ ಇಲ್ಲಿ 'ಬೆಂಚ್' ಎನ್ನುತ್ತಾರೆ. ಅಲ್ಲಿ ಗಾಳಿ ತಳಕ್ಕಿಂತ ಸ್ವಲ್ಪ ಮೇಲು, ಬಾಡಿಗೆ ಜಾಸ್ತಿ, ಫಾಲ್ಟ್ ಮಾತ್ರ ಪಕ್ಕದಲ್ಲೇ. ಪಶ್ಚಿಮದ ಬಯಲಲ್ಲಿ ಬಾಡಿಗೆ ಕಡಿಮೆ, ಆದರೆ ಅದು ಹಿಂದೊಮ್ಮೆ ದೊಡ್ಡ ಸರೋವರದ ತಳವಾಗಿದ್ದ ಜಾಗ. ನೀರು ಕುಡಿದ ಮರಳು ಮಣ್ಣು. ಭೂಮಿ ಜೋರಾಗಿ ನಡುಗಿದರೆ ಉತ್ತ ಗದ್ದೆಯ ಹಾಗೆ ಆಗುತ್ತದೆ. ಈಗ ಊರ ಪಕ್ಕದ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪಿನ ಸರೋವರವೂ ಬತ್ತುತ್ತಿದೆ. 2022ರ ನವೆಂಬರ್‌ನಲ್ಲಿ ದಾಖಲೆಯ ಕೆಳಮಟ್ಟಕ್ಕೆ ಇಳಿಯಿತು. ಬಯಲಾದ ತಳದ ಧೂಳಿನಲ್ಲಿ ಆರ್ಸೆನಿಕ್ ಇದೆ, ಗಾಳಿ ಬೀಸಿದರೆ ಊರ ಕಡೆಗೇ ಬರುತ್ತದೆ. ಹಾಗಂತ ಮೇಲೆ ಮೇಲೆ ಹತ್ತಿ ಹೊಸ ಬಡಾವಣೆಗೆ ಮರುಳಾಗಬೇಡಿ. ದಕ್ಷಿಣಕ್ಕಿರುವ ಡ್ರೇಪರ್‌ನಲ್ಲಿ ಗುಡ್ಡ ಕಡಿದು ಕಟ್ಟಿದ ಎರಡು ಹೊಸ ಮನೆ 2023ರ ಏಪ್ರಿಲ್‌ನಲ್ಲಿ ಹಾಗೇ ಕೆಳಗೆ ಜಾರಿದವು. ಪುಣ್ಯಕ್ಕೆ ಜನರನ್ನು ಮೊದಲೇ ಖಾಲಿ ಮಾಡಿಸಿದ್ದರು. 2018ರಲ್ಲಿ ಕೊಡಗಿನಲ್ಲಿ ಆದದ್ದನ್ನು ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಯೂಟಾದ ಭೂವಿಜ್ಞಾನ ಇಲಾಖೆಯ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ವಿಳಾಸ ಹಾಕಿ ಫಾಲ್ಟ್ ಎಲ್ಲಿ, ಮೆತ್ತನೆ ಮಣ್ಣು ಎಲ್ಲಿ ನೋಡಬಹುದು. ಮನೆ ತೋರಿಸುವ ಏಜೆಂಟ್ ತಾನಾಗಿ ಇದನ್ನು ಹೇಳುವುದಿಲ್ಲ. ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ. ನಮ್ಮ ಪಕ್ಕದವರು 1983ರಲ್ಲಿ ಒಮ್ಮೆಲೇ ಸ್ನೋ ಕರಗಿ ಸ್ಟೇಟ್ ಸ್ಟ್ರೀಟ್ ರಸ್ತೆಯನ್ನು ಮರಳಿನ ಚೀಲ ಪೇರಿಸಿ ಹೊಳೆ ಮಾಡಿದ್ದ ಕಥೆಯನ್ನು ಈಗಲೂ ಹಬ್ಬದ ಹಾಗೆ ಹೇಳುತ್ತಾರೆ.

ಈಗ ನಿಮ್ಮ ಬ್ರಾಕೆಟ್ಟು.

2012ರ ಡಿಸೆಂಬರ್‌ನಲ್ಲಿ ನನ್ನ ಬಾಣಂತನಕ್ಕೆ ಅಪ್ಪಯ್ಯ, ಅಮ್ಮ ಬಂದರು. ಅಡಿಕೆ ಕೊಯ್ಲನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಅಪ್ಪಯ್ಯ ಹೊರಟಿದ್ದು ಅದೇ ಮೊದಲು. ಅವರಿಗೂ 'ಸ್ವಲ್ಪ' ಉಬ್ಬಸ ಇತ್ತು. ಮಳೆಗಾಲದಲ್ಲಿ ಎರಡು ಸಲ ಪಂಪ್ ಎಳೆದುಕೊಂಡರೆ ಸರಿಹೋಗುತ್ತಿತ್ತು. ಇಲ್ಲೂ ದಿನಾ ಬೆಳಿಗ್ಗೆ ಮಂಕಿ ಕ್ಯಾಪ್ ಹಾಕಿ, ಶಾಲು ಹೊದ್ದು, ಅಳಿಯನ ಬೂಟು ಮೆಟ್ಟಿ ಪಾರ್ಕಿಗೆ ವಾಕಿಂಗ್. ಜನವರಿಯಲ್ಲಿ ಇನ್‌ವರ್ಷನ್ ಕೂತಿತು. ಆ ವರ್ಷದ್ದು ತುಂಬ ಕೆಟ್ಟದ್ದು. ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿ ಎಂದು ನೂರಕ್ಕೂ ಹೆಚ್ಚು ವೈದ್ಯರು ಗವರ್ನರ್ ಅವರನ್ನು ಕೇಳಿಕೊಂಡಿದ್ದರು. ನಾನು ಇಲ್ಲಿಗೆ ಬಂದು ಆಗಲೇ ನಾಲ್ಕು ವರ್ಷ. ಅದೇನು ಎಂದು ಗೊತ್ತಿತ್ತು. ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಎಚ್ಚರಿಕೆಯ ಬಣ್ಣ ಕೆಂಪು ಎಂದು ದಿನಾ ಟಿವಿಯಲ್ಲಿ ತೋರಿಸುತ್ತಿದ್ದರು. ಆದರೆ ಮೂರು ವಾರದ ಮಗು, ನಿದ್ದೆಯಿಲ್ಲ. ಅಪ್ಪಯ್ಯ ಒಂದು ಗಂಟೆ ಹೊರಗೆ ಹೋದರೆ ಮನೆ ಸುಮ್ಮನಿರುತ್ತದೆ ಎನ್ನಿಸುತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದೇನಿದೆ.

ಅವರು ಒಳಗೆ ಬಂದು ಕೈ ಉಜ್ಜಿಕೊಳ್ಳುತ್ತಾ "ನಮ್ಮೂರ ಥರಾನೇ ಮಂಜು ಕೂಸೇ, ಬಿಡೋ ಹಾಗೇ ಕಾಣಲ್ಲ" ಎನ್ನುತ್ತಿದ್ದರು. ಅದು ಮಂಜಲ್ಲ ಅಪ್ಪಯ್ಯ ಎಂದು ನಾನು ಹೇಳಲಿಲ್ಲ. ಕೆಮ್ಮು ಶುರುವಾಯಿತು. ಚಳಿಗೆ ಎಂದುಕೊಂಡೆವು. ಅಮ್ಮ ಜೀರಿಗೆ, ಕಾಳುಮೆಣಸಿನ ಕಷಾಯ ಮಾಡಿದಳು. ಕುಡಿದು ಮತ್ತೆ ವಾಕಿಂಗ್. ಒಂಬತ್ತನೇ ದಿನ ರಾತ್ರಿ ಎರಡು ಗಂಟೆಗೆ ಪಂಪ್ ಎಳೆದರೂ ಉಸಿರು ಹತ್ತಲಿಲ್ಲ. ಆಂಬುಲೆನ್ಸ್ ಬಂತು. ಮೂರು ರಾತ್ರಿ ಆಸ್ಪತ್ರೆ. ಊರಿನಿಂದ ಮಾಡಿಸಿಕೊಂಡು ಬಂದಿದ್ದ ವಿಮೆಯವರು ಇದು ಮೊದಲೇ ಇದ್ದ ಕಾಯಿಲೆ ಎಂದು ಕೈ ತೊಳೆದುಕೊಂಡರು. ಬಿಲ್ಲನ್ನು ಎರಡು ವರ್ಷ ಕಂತಿನಲ್ಲಿ ಕಟ್ಟಿದೆವು. ಅದು ದುಡ್ಡು, ಹೋಯಿತು, ಮತ್ತೆ ಬಂತು. ಆಮೇಲೆ ಮನೆಗೆ ಏರ್ ಪ್ಯೂರಿಫೈಯರ್ ಬಂತು, ಮನೆ ಕಾಯಿಸುವ ಫರ್ನೇಸಿಗೆ ಒಳ್ಳೆಯ ಫಿಲ್ಟರ್ ಬಂತು, ಎನ್95 ಮಾಸ್ಕ್ ಬಂತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನೀವು ಬಂದ ತಿಂಗಳೇ ಈ ಮೂರನ್ನೂ ತಂದಿಡಿ, ನಿಮ್ಮ ಮಗಳಿಗಾಗಿಯಾದರೂ.

ಫೆಬ್ರವರಿಯಲ್ಲಿ ಇಬ್ಬರೂ ವಾಪಸ್ ಹೊರಟರು, ಬಾಣಂತನ ಅರ್ಧಕ್ಕೇ ಬಿಟ್ಟು. ಏಪ್ರಿಲ್‌ನಲ್ಲಿ ಇಲ್ಲಿನ ವಿಧಾನಸೌಧವಾದ ಕ್ಯಾಪಿಟಲ್ ಕಟ್ಟಡದ ಸುತ್ತ ಚೆರ್ರಿ ಮರಗಳು ಹೂ ಬಿಟ್ಟವು. ಹಿಂದೆ ಬಿಳಿ ಬೆಟ್ಟ, ತೊಳೆದಿಟ್ಟ ಹಾಗೆ ಆಕಾಶ. ಫೋಟೋ ಕಳಿಸಿದೆ, "ಲಾಯ್ಕಿದೆ" ಎಂದರು. ಆದರೆ ಆಮೇಲೂ ಫೋನಿನಲ್ಲಿ ಮೊದಲ ಮಾತು "ಮಂಜು ಬಿಡ್ತಾ ಕೂಸೇ?" ಜುಲೈನಲ್ಲಿ 40 ಡಿಗ್ರಿ ಬಿಸಿಲು ಸುಡುತ್ತಿದ್ದಾಗಲೂ ಅದೇ ಪ್ರಶ್ನೆ. ಎರಡು ತಿಂಗಳು ಬೆಟ್ಟದ ಬುಡದಲ್ಲಿದ್ದು ಬೆಟ್ಟವನ್ನೇ ಸರಿಯಾಗಿ ನೋಡದೆ ಹೋದವರು ಅವರು. 2017ರ ಮಳೆಗಾಲದಲ್ಲಿ ತೀರಿಕೊಂಡರು. ಹೃದಯದ ತೊಂದರೆ. ಇಲ್ಲಿಯ ಗಾಳಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಊರಿನ ಡಾಕ್ಟರ್ ಹೇಳಿದರು. ನಾನು ಹಾಗೆ ಕೇಳಿದೆ ಎಂದು ಹೇಳಿದರೋ ಏನೋ.

ಹಾಗಾಗಿ ಅಮ್ಮನನ್ನು ಡಿಸೆಂಬರ್‌ನಲ್ಲಿ ಕರೆಸಬೇಡಿ. ಜುಲೈ, ಆಗಸ್ಟ್ ಕೂಡ ಅಷ್ಟಕ್ಕಷ್ಟೇ. ಬಿಸಿಲು ಒಂದು ಕಡೆ, ಕ್ಯಾಲಿಫೋರ್ನಿಯಾದ ಕಾಡಿನ ಬೆಂಕಿಯ ಹೊಗೆ ಇಲ್ಲಿಯವರೆಗೂ ಬರುತ್ತದೆ. 2021ರ ಆಗಸ್ಟ್‌ನಲ್ಲಿ ಹಗಲಲ್ಲೇ ಸೂರ್ಯ ಕುಂಕುಮದ ಬೊಟ್ಟಿನ ಹಾಗಿದ್ದ. ಏಪ್ರಿಲ್ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಒಳ್ಳೆಯದು. ಸ್ನೋ ತೋರಿಸುವ ಆಸೆ ಬಿಡಬೇಕಾಗಿಲ್ಲ. ಮೇ ತಿಂಗಳಲ್ಲೂ ಆಲ್ಟಾದಲ್ಲಿ ಸ್ನೋ ಇರುತ್ತದೆ, ಕಾರಿನಲ್ಲೇ ಹೋಗಿ ಮುಟ್ಟಿಸಿಕೊಂಡು ಬರಬಹುದು. ಅದು 8,500 ಅಡಿ ಎತ್ತರ. ಬಂದ ವಾರವೇ ಕರೆದುಕೊಂಡು ಹೋಗಬೇಡಿ, ಮೈ ಹೊಂದಿಕೊಳ್ಳಲಿ. ಹೊರಡುವ ಮುಂಚೆ ಊರಿನ ಡಾಕ್ಟರ್‌ಗೆ ತೋರಿಸಿ, ಪಂಪು, ಚೀಟಿ ಎರಡೂ ಕೈಚೀಲದಲ್ಲೇ ಇರಲಿ. ವಿಮೆ ಕೊಳ್ಳುವಾಗ ಉಬ್ಬಸ ಇದೆ ಎಂದು ಬರೆಸಿ, ಅದಕ್ಕೆ ಏನು ಕೊಡುತ್ತಾರೆ ಎಂದು ಲಿಖಿತದಲ್ಲೇ ಕೇಳಿ.

ಕನ್ನಡದವರು ಇದ್ದಾರೆ. ಯುಗಾದಿಗೆ ಸೇರುತ್ತೇವೆ, ಬೇವು ಸಿಗುವುದು ಮಾತ್ರ ಕಷ್ಟ. ಸೌತ್ ಜಾರ್ಡನ್‌ನಲ್ಲಿ ಗಣೇಶನ ಗುಡಿ ಇದೆ. ಗಾಳಿ ಒಣ, ಮೊದಲ ತಿಂಗಳು ಮೂಗಿನಲ್ಲಿ ರಕ್ತ ಬಂದರೆ ಗಾಬರಿ ಬೇಡ, ರಾತ್ರಿ ಒಂದು ತೊಟ್ಟು ತುಪ್ಪ ಹಚ್ಚಿ. ಊರು 4,200 ಅಡಿ ಮೇಲಿದೆ, ನೀರು 96 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಕುಕ್ಕರ್ ತರುವುದು ಮರೆಯಬೇಡಿ, ಬೇಳೆಗೆ ಒಂದೆರಡು ವಿಸಿಲ್ ಜಾಸ್ತಿ ಕೂಗಿಸಿ.

ಯಾವ ದಿನ ಬರುತ್ತೀರಿ ತಿಳಿಸಿ, ನಮ್ಮ ಯಜಮಾನರು ಏರ್‌ಪೋರ್ಟಿಗೆ ಬರುತ್ತಾರೆ. ಆದಷ್ಟು ಹಗಲಲ್ಲಿ ಇಳಿಯುವ ವಿಮಾನ ನೋಡಿ ಟಿಕೆಟ್ ಮಾಡಿಸಿ. ಜೂನ್‌ನಲ್ಲಿ ಬೆಟ್ಟ ಪೂರ್ತಿ ಕಾಣುತ್ತದೆ. ಕಿಟಕಿ ಸೀಟು ಮಗಳಿಗೆ ಕೊಡಿ.